ಪೆಟ್ಟಿಗೆಗೆ ಪೆಟ್ಟಾಗಿಲ್ಲ, ಸ್ಪೀಕರ್ ಮಾತ್ರ ಸತ್ತಿದೆ

"ಪೆಟ್ಟಿಗೆ ಚೆನ್ನಾಗೇ ಬಂದಿದೆ ಸಾರ್, ಆದ್ರೆ ಬಲಗಡೆ ಸ್ಪೀಕರ್ ಕರಕರ ಅಂತಿದೆ" ಎಂದು ಕೊಂಡವರು ಫೋನ್ ಮಾಡಿದಾಗ ನನಗೆ ಮೊದಲು ಅನುಮಾನ ಬಂದದ್ದು ಅವರ ಮೇಲೆಯೇ. ಜೋರಾಗಿ ಹಾಕಿ ಕಾಯಿಲ್ (ಸ್ಪೀಕರ್ ಒಳಗಿನ ತಂತಿಸುರುಳಿ) ಸುಟ್ಟುಕೊಂಡು ಈಗ ನನ್ನ ತಲೆಗೆ ಕಟ್ಟುತ್ತಿದ್ದಾರೆ ಅಂದುಕೊಂಡೆ. ಹೇಳಿಕೊಳ್ಳಲು ಮುಜುಗರ. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಕೆಲವೇ ದಿನಗಳಲ್ಲಿ ಸಾಗಣೆ ಕಂಪನಿಯಲ್ಲಿ ಕ್ಲೈಮ್, ಅಂದರೆ ಪರಿಹಾರದ ಅರ್ಜಿ, ನೋಡುವವರು ನನ್ನ ಮೇಲೆ ಪಟ್ಟದ್ದೂ ಇದೇ ಅನುಮಾನ.

ಹಳೆಯ ಆಂಪ್ಲಿಫೈಯರ್, ಸ್ಪೀಕರ್, ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್‌ಗಳನ್ನು ಕೊಂಡು, ರಿಪೇರಿ ಮಾಡಿ, ಬೇಕೆಂದವರಿಗೆ ಪಾರ್ಸೆಲ್ ಕಳಿಸುವುದು ನನ್ನ ಕಸುಬು. ಬಹುಪಾಲು ಸುರಕ್ಷಿತವಾಗಿಯೇ ತಲುಪುತ್ತವೆ. ದಾರಿಯಲ್ಲಿ ಕೆಟ್ಟವುಗಳಿಗಾಗಿ ಹಾಕಿದ ಕ್ಲೈಮ್‌ಗಳಲ್ಲಿ ಮೊದಮೊದಲು ಸೋತದ್ದೇ ಹೆಚ್ಚು, ಸೋತದ್ದರಲ್ಲಿ ಅರ್ಧದಷ್ಟು ನನ್ನ ತಪ್ಪಿನಿಂದಲೇ.

ಆ ದಿನ ಫೋನಿನಲ್ಲೇ ಒಂದು ಪರೀಕ್ಷೆ ಮಾಡಿಸಿದೆ. ಸ್ಪೀಕರಿನ ಗ್ರಿಲ್ ತೆಗೆದು, ಕೋನ್ (ಅದುರಿ ಸದ್ದು ಮಾಡುವ ಆಲಿಕೆಯಾಕಾರದ ಭಾಗ) ನಡುವಿನ ಉಬ್ಬಿನ ಎರಡೂ ಪಕ್ಕ ಹೆಬ್ಬೆರಳಿಟ್ಟು, ಎರಡರ ಮೇಲೂ ಒಂದೇ ಭಾರ ಹಾಕಿ ಮೆಲ್ಲಗೆ ಒಳಕ್ಕೆ ಒತ್ತಿ ಎಂದೆ. ಸರಿಯಿರುವ ಕೋನ್ ಸದ್ದಿಲ್ಲದೆ ಒಳಗೆ ಹೋಗಿ ತಾನಾಗಿಯೇ ಹಿಂದಕ್ಕೆ ಬರುತ್ತದೆ. ಎಡಗಡೆಯದು ಹಾಗೆಯೇ ಬಂತು. ಬಲಗಡೆಯದನ್ನು ಒತ್ತಿದಾಗ ಫೋನಿನಲ್ಲೇ ಕೇಳಿಸಿತು: ಮರದ ಮೇಲೆ ಉಪ್ಪುಕಾಗದ ಉಜ್ಜಿದಂಥ ಸದ್ದು. "ಪೆಟ್ಟಿಗೆ ಬಿಸಾಕಿದ್ದೀರಾ?" ಎಂಬುದು ನನ್ನ ಮುಂದಿನ ಪ್ರಶ್ನೆ. ಬಿಸಾಕಿರಲಿಲ್ಲ, ಮಡಿಸಿ ಮಂಚದ ಕೆಳಗೆ ತಳ್ಳಿದ್ದರಂತೆ. ಆ ಮಂಚಕ್ಕೆ ನಾನು ಇವತ್ತಿಗೂ ಋಣಿ.

ಆಗಿದ್ದು ಇಷ್ಟು. ವೂಫರ್‌ನ, ಅಂದರೆ ಡಬ್ಬಿಯೊಳಗೆ ಕೆಳಗಿನ ಸ್ವರ ನುಡಿಸುವ ದೊಡ್ಡ ಸ್ಪೀಕರಿನ, ಹಿಂಬದಿಯಲ್ಲಿ ದಪ್ಪ ಬಳೆಯಂಥ ಫೆರೈಟ್ ಮ್ಯಾಗ್ನೆಟ್ ಇರುತ್ತದೆ. ಅದನ್ನು ಎರಡು ಕಬ್ಬಿಣದ ಬಿಲ್ಲೆಗಳ ನಡುವೆ ಗೋಂದಿನಿಂದ ಅಂಟಿಸಿರುತ್ತಾರೆ. ಕೆಳಗಿನ ಬಿಲ್ಲೆಯಿಂದ ಎದ್ದ ನಡುವಿನ ಕಂಬಕ್ಕೂ ಮೇಲಿನ ಬಿಲ್ಲೆಗೂ ಮಧ್ಯೆ ಒಂದು ಸಂದು, ಆ ಸಂದಿನಲ್ಲಿ ವಾಯ್ಸ್ ಕಾಯಿಲ್. ಕಾಯಿಲ್‌ನ ಒಂದೊಂದು ಬದಿಗೂ ಉಳಿಯುವ ಜಾಗ ಒಂದು ಮಿಲಿಮೀಟರಿಗಿಂತ ಕಡಿಮೆ. ಸ್ಪೀಕರ್ ಧೊಪ್ಪನೆ ಬಿದ್ದರೆ ಮರದ ಡಬ್ಬಿ ನಿಲ್ಲುತ್ತದೆ, ಭಾರದ ಮ್ಯಾಗ್ನೆಟ್ ನಿಲ್ಲುವುದಿಲ್ಲ. ವಯಸ್ಸಾದ ಗೋಂದು ಬಿಟ್ಟುಕೊಂಡು ಮ್ಯಾಗ್ನೆಟ್ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಜಾರಿದರೂ ಸಾಕು, ಅದರ ಜೊತೆ ನಡುವಿನ ಕಂಬವೂ ಸರಿದು ಕಾಯಿಲ್ ಉಜ್ಜತೊಡಗುತ್ತದೆ. ಮರದ ಮೇಲೆ ಒಂದು ಗೀರೂ ಇರುವುದಿಲ್ಲ, ಕೋನ್ ಹರಿದಿರುವುದಿಲ್ಲ. ಇಂಥದ್ದು ದಾರಿಯಲ್ಲಿ ಆಯಿತೆಂದು ಆಡಿಯೋ ಗೊತ್ತಿಲ್ಲದವರಿಗೆ ತೋರಿಸುವುದು ಹೇಗೆ?

ಇದಕ್ಕೂ ಮುಂಚೆ ಕಳಕೊಂಡ ಒಂದು ಆಂಪ್ಲಿಫೈಯರ್ ಕಥೆ ಹೇಳಬೇಕು, ಪಾಠವಾದದ್ದು ಅಲ್ಲಿ. ಹದಿನೆಂಟು ಕಿಲೋ ತೂಕದ್ದು, ಅದರಲ್ಲಿ ಅರ್ಧ ಭಾರ ಒಂದೇ ಮೂಲೆಯಲ್ಲಿದ್ದ ಟ್ರಾನ್ಸ್‌ಫಾರ್ಮರ್‌ನದು. ಒಂದೇ ಪೆಟ್ಟಿಗೆಗೆ ಹಾಕಿ, ಸುತ್ತ ಥರ್ಮೋಕೋಲ್ ಕಾಳು ಸುರಿದು, ಮೇಲೆ "ಒಡೆಯುವ ವಸ್ತು" ಎಂದು ಕೆಂಪು ಚೀಟಿ ಅಂಟಿಸಿ ನಿಶ್ಚಿಂತನಾಗಿದ್ದೆ. ಪಾರ್ಸೆಲ್ ಬೇರ್ಪಡಿಸುವ ಯಂತ್ರಕ್ಕೆ ಕೆಂಪು ಚೀಟಿ ಓದಲು ಬರುವುದಿಲ್ಲ ಎಂಬುದು ಹೊಳೆಯಲೇ ಇಲ್ಲ. ಅಲುಗಾಡುತ್ತ ಹೋದ ಹಾಗೆ ಕಾಳುಗಳು ಪಕ್ಕಕ್ಕೆ ಸರಿದು, ಆಂಪ್ ಮೆಲ್ಲಗೆ ತಳಕ್ಕೆ ಇಳಿದು ಕೂತಿದೆ. ತಲುಪುವ ಹೊತ್ತಿಗೆ ಚಾಸಿಯ (ಲೋಹದ ಚೌಕಟ್ಟಿನ) ಮೂಲೆ ಡೊಂಕು, ಟ್ರಾನ್ಸ್‌ಫಾರ್ಮರ್ ತನ್ನ ಬೋಲ್ಟ್ ಕಿತ್ತುಕೊಂಡು ಪಕ್ಕದ ಸರ್ಕ್ಯೂಟ್ ಬೋರ್ಡಿನ ಮೇಲೆ ಒರಗಿತ್ತು. "ಪ್ಯಾಕಿಂಗ್ ಸಾಲದು" ಎಂದು ಕ್ಲೈಮ್ ತಿರಸ್ಕರಿಸಿದರು. ಆಗ ಬೈದಿದ್ದೆ. ಈಗ ಆ ಫೋಟೋಗಳನ್ನು ತೆಗೆದು ನೋಡಿದರೆ ಅವರು ಹೇಳಿದ್ದೇ ಸರಿ ಅನ್ನಿಸುತ್ತದೆ.

ಅದೇ ಪಾರ್ಸೆಲ್‌ನಲ್ಲಿ ಇನ್ನೊಂದು ಪಾಠವೂ ಆಯಿತು. ಬುಕ್ ಮಾಡುವಾಗ ವಸ್ತುವಿನ ಬೆಲೆ ಬರೆದು, ಅದಕ್ಕೆಂದು ಒಂದಿಷ್ಟು ಹೆಚ್ಚಿಗೆ ಕಟ್ಟಿದ್ದೆ. ಅದೇ ವಿಮೆ ಎಂದು ನಂಬಿದ್ದೆ. ಅಲ್ಲ. ಹಾಗೆ ಬರೆಯುವ ಘೋಷಿತ ಮೌಲ್ಯ ಬಹಳ ಕಡೆ ಸಾಗಣೆದಾರನ ಹೊಣೆಯ ಗರಿಷ್ಠ ಮಿತಿಯಷ್ಟೇ. ತಪ್ಪು ಅವರದೆಂದು ತೀರ್ಮಾನವಾದರೆ ಅಲ್ಲಿಯವರೆಗೆ ಕೊಡುತ್ತಾರೆ, ಅದಕ್ಕೂ ಬೆಲೆಗೆ ಪುರಾವೆ ಕೇಳುತ್ತಾರೆ. ವಿಮೆ ಬೇರೆ ಒಪ್ಪಂದ, ಬೇರೆ ಕಾಗದ, ಎಷ್ಟೋ ಸಲ ಕೊಡುವ ಕಂಪನಿಯೇ ಬೇರೆ. ಅದರಲ್ಲೂ ನಮ್ಮಂಥವರಿಗೆ ಮುಳ್ಳಾಗುವ ಒಂದು ಸಾಲು ಇರಬಹುದು: ಹೊರಗೆ ಹಾನಿಯ ಗುರುತಿಲ್ಲದೆ ಒಳಗೆ ವಿದ್ಯುತ್ ಅಥವಾ ಯಾಂತ್ರಿಕ ದೋಷ ಕಂಡರೆ ಪರಿಹಾರವಿಲ್ಲ ಎಂಬುದು. ಹಳೆಯ ವಸ್ತು, ಗಾಜಿನ ವಸ್ತುಗಳನ್ನು ಹೊರಗಿಡುವ ಪಾಲಿಸಿಗಳೂ ಇವೆ. ಹಳೆಯ ಆಂಪ್‌ಗಳಲ್ಲಿ ಬಲ್ಬಿನಂತೆ ಉರಿಯುವ ವಾಲ್ವ್ ಗಾಜಿನದೇ ತಾನೇ. ಈಗ ನಾನು ಹಣ ಕಟ್ಟುವ ಮುಂಚೆ ಓದುವುದು ಆ ಹೊರತುಪಡಿಸಿದ ಪಟ್ಟಿಯನ್ನು, ಉಳಿದದ್ದು ಆಮೇಲೆ.

ದೇಶ ದಾಟುವ ಕೊರಿಯರ್ ಪಾರ್ಸೆಲ್ ವಿಮಾನದಲ್ಲಿ ಹೋದರೆ, ಎರಡೂ ದೇಶಗಳು ಒಪ್ಪಿದ್ದಲ್ಲಿ, 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಅದರಲ್ಲಿ ಸಾಗಣೆದಾರನ ಹೊಣೆಯನ್ನು ತೂಕದ ಮೇಲೆ ಲೆಕ್ಕ ಹಾಕುತ್ತಾರೆ. 2024ರ ಡಿಸೆಂಬರ್ 28ರಿಂದ ಕಿಲೋಗೆ 26 ಎಸ್‌ಡಿಆರ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ನನ್ನ ಹದಿನೆಂಟು ಕಿಲೋ ಆಂಪ್‌ಗೆ 468 ಎಸ್‌ಡಿಆರ್ ಆಗುತ್ತದೆ, ಪರವಾಗಿಲ್ಲ. ಟರ್ನ್‌ಟೇಬಲ್‌ನ ಒಂದು ಒಳ್ಳೆಯ ಕಾರ್ಟ್ರಿಜ್, ಅಂದರೆ ಸೂಜಿ ಕೂರುವ ಪುಟ್ಟ ಭಾಗ, ಕಳಿಸಿ ನೋಡಿ. ಪೆಟ್ಟಿಗೆ ಸೇರಿ 200 ಗ್ರಾಂ ಇದ್ದರೆ 5.2 ಎಸ್‌ಡಿಆರ್. ಸೂಜಿಯ ಮುಚ್ಚಳಕ್ಕೂ ಸಾಲದು! ಒಪ್ಪಿಸುವಾಗಲೇ ಹೆಚ್ಚಿನ ಮೌಲ್ಯ ಘೋಷಿಸಿ, ಕೇಳಿದಲ್ಲಿ ಹೆಚ್ಚುವರಿ ಶುಲ್ಕ ಕಟ್ಟಿದ್ದರೆ ಮಾತ್ರ ಈ ಮಿತಿ ಏರುತ್ತದೆ. ಅದೇ ಒಪ್ಪಂದದ ಪ್ರಕಾರ, ಹಾನಿಯಾಗಿದ್ದರೆ ಸರಕು ಕೈಗೆ ಬಂದ 14 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ಫೋನಿನಲ್ಲಿ ಕೂಗಾಡಿದ್ದು ಲೆಕ್ಕಕ್ಕಿಲ್ಲ. ನಮ್ಮ ಕಡೆಗೂ ಒಂದು ಮಾತಿದೆ: ಪ್ಯಾಕಿಂಗ್ ಕೆಟ್ಟದ್ದರಿಂದಲೇ ಹಾನಿಯಾಯಿತು ಎಂದು ತಪ್ಪಿಸಿಕೊಳ್ಳಬೇಕಾದರೆ ಅದನ್ನು ಸಾಬೀತು ಮಾಡಬೇಕಾದವನು ಸಾಗಣೆದಾರ. ದೇಶದೊಳಗಿನ ಪಾರ್ಸೆಲ್‌ಗೆ ರಶೀದಿಯ ಹಿಂದಿನ ಷರತ್ತುಗಳು ಬೇರೆ, ಗಡುವು ಇನ್ನೂ ಕಡಿಮೆ ಇರಬಹುದು.

ಸ್ಪೀಕರ್‌ಗೆ ವಾಪಸ್ ಬರುತ್ತೇನೆ. ಕೊಂಡವರು ಫೋನ್ ಮಾಡಿದ ದಿನವೇ ಬರಹದಲ್ಲಿ ದೂರು ಹೋಯಿತು. ಹಾಕಿದ್ದು ನಾನು, ಏಕೆಂದರೆ ಸಾಗಣೆದಾರನ ಜೊತೆ ಒಪ್ಪಂದ ಇರುವುದು ಕಳಿಸಿದವನದು. ಅವರ ಕಡೆಯಿಂದ ಒಬ್ಬರು ಪರಿಶೀಲನೆಗೆ ಬಂದು, ಪೆಟ್ಟಿಗೆಯ ಫೋಟೋ ತೆಗೆದು, ಸ್ಪೀಕರನ್ನು ಒಮ್ಮೆ ತಿರುಗಿಸಿ ನೋಡಿ, ಐದು ನಿಮಿಷದಲ್ಲಿ ಹೊರಟರಂತೆ. ಹತ್ತು ದಿನಕ್ಕೆ ಉತ್ತರ ಬಂತು: ಹೊರಪೆಟ್ಟಿಗೆಗೆ ಗಮನಾರ್ಹ ಹಾನಿಯಿಲ್ಲ, ದೋಷ ಮೊದಲೇ ಇದ್ದಿರಬಹುದು, ಪ್ಯಾಕಿಂಗ್ ಕೂಡ ಸಾಲದು.

ಈ ಉತ್ತರವನ್ನು ಮೂರು ಸಲ ಓದಿದೆ. ದೋಷ ಮೊದಲೇ ಇತ್ತೆಂದರೆ ಪ್ಯಾಕಿಂಗ್ ವಿಷಯ ಯಾಕೆ ಬರಬೇಕು? ಪ್ಯಾಕಿಂಗ್ ಸಾಲದ್ದರಿಂದ ಕೆಟ್ಟಿತೆಂದರೆ ದಾರಿಯಲ್ಲಿ ಕೆಟ್ಟಿತೆಂದು ಅವರೇ ಒಪ್ಪಿದಂತಾಯಿತು. ನನ್ನ ಮೇಲ್ಮನವಿಯ ಮೊದಲ ಸಾಲೇ ಇದು, ಸಿಟ್ಟಿಲ್ಲದೆ, ಎರಡೇ ವಾಕ್ಯದಲ್ಲಿ.

ಮೊದಲೇ ಕೆಟ್ಟಿರಲಿಲ್ಲ ಎನ್ನುವುದಕ್ಕೆ ಪ್ಯಾಕ್ ಮಾಡಿದ ದಿನದ ವೀಡಿಯೋ ಇತ್ತು. ಆಂಪ್ ಕಥೆಯ ನಂತರ ನಾನು ಪ್ರತಿ ಪಾರ್ಸೆಲ್‌ಗೂ ಕತ್ತರಿಸದ ಒಂದೇ ವೀಡಿಯೋ ತೆಗೆಯುತ್ತೇನೆ: ಹಿಂಬದಿಯ ಸೀರಿಯಲ್ ನಂಬರ್, 20 ಹರ್ಟ್ಸ್‌ನಿಂದ ಮೇಲಕ್ಕೆ ಏರುವ ಟೋನ್ ಹಾಕಿ ಸ್ಪೀಕರ್ ಕೇಳಿಸುವುದು, ನಂತರ ಅದೇ ಸ್ಪೀಕರ್ ಪೆಟ್ಟಿಗೆಗೆ ಇಳಿಯುವುದು, ಟೇಪ್, ತೂಕದ ಯಂತ್ರ, ವಿಳಾಸದ ಚೀಟಿ. ಕಾಯಿಲ್ ಉಜ್ಜುತ್ತಿದ್ದರೆ ಕೆಳಗಿನ ಸ್ವರಗಳಲ್ಲೇ ಗೊತ್ತಾಗಿಬಿಡುತ್ತದೆ. ಕೊಂಡವರಿಂದಲೂ ಅದೇ ಟೋನ್ ಹಾಕಿಸಿ ರೆಕಾರ್ಡ್ ಮಾಡಿಸಿದೆ. ಎರಡನ್ನೂ ಒಟ್ಟಿಗೆ ಕೇಳಿದರೆ ಚಿಕ್ಕ ಮಗುವಿಗೂ ವ್ಯತ್ಯಾಸ ತಿಳಿಯುತ್ತದೆ.

ನಾನೇ ರಿಪೇರಿ ಮಾಡುವವನು, ಮಾರಿದವನೂ ನಾನೇ. ನನ್ನ ವರದಿಯನ್ನು ಯಾರು ನಂಬುತ್ತಾರೆ? ಹಾಗಾಗಿ ಕೊಂಡವರಿಗೆ ಹತ್ತಿರದ, ನನಗೆ ಪರಿಚಯವೇ ಇಲ್ಲದ ಟೆಕ್ನೀಷಿಯನ್ ಒಬ್ಬರಿಂದ ಬರೆಸಲು ಹೇಳಿದೆ. ರಿಪೇರಿ ಮಾಡಬಾರದು, ಬಿಚ್ಚಿ ನೋಡಿ ಬರೆಯಬೇಕು ಅಷ್ಟೇ. ಬಿಚ್ಚಬಹುದೇ ಎಂದು ಕಂಪನಿಯನ್ನು ಮೊದಲೇ ಕೇಳಿ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿದ್ದೆ. ಆ ಟೆಕ್ನೀಷಿಯನ್ ಮಲ್ಟಿಮೀಟರ್ ಹಿಡಿದು ಕಾಯಿಲ್‌ಗಳ ವಿದ್ಯುತ್ ತಡೆ ಅಳೆದರು: ಎಡಗಡೆಯದು 6.2 ಓಮ್, ಬಲಗಡೆಯದು 6.1. ಕಾಯಿಲ್ ಸುಟ್ಟು ತುಂಡಾಗಿದ್ದರೆ ಮೀಟರ್ ಹೀಗೆ ತೋರಿಸುತ್ತಿರಲಿಲ್ಲ, ಸುಟ್ಟ ವಾಸನೆಯೂ ಇರುತ್ತಿತ್ತು. ಆಮೇಲೆ ವೂಫರ್ ಕಳಚಿ ಹಿಂಬದಿಯ ಫೋಟೋ ತೆಗೆದರು. ಕ್ಲೈಮ್ ಗೆದ್ದದ್ದು ಆ ಒಂದು ಫೋಟೋದಿಂದ ಎಂದು ನನ್ನ ನಂಬಿಕೆ. ಮ್ಯಾಗ್ನೆಟ್ ಒಂದು ಕಡೆ ಬಿಲ್ಲೆಯ ಅಂಚಿನಿಂದ ಹೊರಕ್ಕೆ ಇಣುಕಿತ್ತು. ಎದುರು ಕಡೆ, ಅದು ಮೊದಲು ಕೂತಿದ್ದ ಜಾಗದಲ್ಲಿ, ಬಿದಿಗೆ ಚಂದ್ರನ ಹಾಗೆ ಒಂದು ಗೆರೆ ಹಳೆಯ ಗೋಂದು. ಬಿಲ್ಲೆಯ ಉಳಿದ ಭಾಗಕ್ಕೆಲ್ಲ ವರ್ಷಗಳ ಧೂಳು ಹಿಡಿದಿತ್ತು, ಆ ಗೆರೆಯ ಮೇಲೆ ಒಂದು ಕಣವೂ ಇರಲಿಲ್ಲ. ಜಾರಿದ್ದು ಇತ್ತೀಚೆಗೆ ಎಂದು ಹೇಳಲು ಇದಕ್ಕಿಂತ ಇನ್ನೇನು ಬೇಕು.

ಪೆಟ್ಟಿಗೆಗೆ ಹಾನಿಯಿಲ್ಲ ಎಂಬ ಮಾತಿಗೂ ಉತ್ತರ ಬರೆದೆ. ಮೂಲೆ ಊರಿ ಬಿದ್ದರೆ ರಟ್ಟು ಜಜ್ಜಿಹೋಗುತ್ತದೆ, ಜಜ್ಜಿಹೋಗುತ್ತಲೇ ಪೆಟ್ಟನ್ನು ಅಷ್ಟಿಷ್ಟು ನುಂಗಿಕೊಳ್ಳುತ್ತದೆ. ಚಪ್ಪಟೆಯಾಗಿ ಬಿದ್ದರೆ ರಟ್ಟಿಗೆ ಅಷ್ಟಾಗಿ ಏನೂ ಆಗುವುದಿಲ್ಲ, ಪೆಟ್ಟಿನ ಹೆಚ್ಚು ಪಾಲು ಒಳಕ್ಕೇ ಹೋಗುತ್ತದೆ. ಪ್ಯಾಕಿಂಗ್ ಬಗ್ಗೆ: ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಆರೂ ಕಡೆ ಐದು ಸೆಂಟಿಮೀಟರ್ ಫೋಮ್, ಹೊರಗಿನದು ಎರಡು ಪದರದ ರಟ್ಟು. ಅದರ ತಳದಲ್ಲಿ ರಟ್ಟು ಎಷ್ಟು ಗಟ್ಟಿ ಎಂದು ತಯಾರಕರು ಒತ್ತಿದ್ದ ಗುಂಡನೆಯ ಮುದ್ರೆಯ ಫೋಟೋವನ್ನೂ ಸೇರಿಸಿದೆ. ನಮ್ಮ ಪ್ಯಾಕಿಂಗ್‌ನಲ್ಲಿ ಯಾವುದು ಸಾಲದೆಂದು ದಯವಿಟ್ಟು ತಿಳಿಸಿ ಎಂದು ಕೇಳಿದೆ. ಆ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಬಂದಿಲ್ಲ.

ಭಾಷೆಯ ವಿಷಯವೂ ಇದೆ. ಮೊದಲು ನಾನು "ಸ್ಪೀಕರ್ ಕೆಲಸ ಮಾಡುತ್ತಿಲ್ಲ, ದಯವಿಟ್ಟು ಪರಿಹಾರ ಕೊಡಿ" ಎಂಬ ಧಾಟಿಯಲ್ಲಿ ಬರೆಯುತ್ತಿದ್ದೆ. ಅದನ್ನು ಓದಿದವರಿಗೆ ಕಾಣುವುದು ಹಾಳಾದ ಹಳೆಯ ಸಾಮಾನು. "ಹಿಂಬದಿಯ ಮ್ಯಾಗ್ನೆಟ್ ಬಿಲ್ಲೆಯ ಅಂಚಿನಿಂದ ಹೊರಕ್ಕೆ ಜಾರಿದೆ, ಫೋಟೋ 7 ನೋಡಿ" ಎಂದರೆ ಕಾಣುವುದು ಒಂದು ಪೆಟ್ಟು. ವಾಯ್ಸ್ ಕಾಯಿಲ್ ಎಂಬ ಪದ ಬಂದ ಕಡೆ "ಶಬ್ದ ಹುಟ್ಟಿಸುವ ತಂತಿಸುರುಳಿ" ಎಂದು ಪಕ್ಕದಲ್ಲೇ ಬರೆದೆ. ಸ್ಪೀಕರಿನ ಧ್ವನಿಯ ವರ್ಣನೆ, ಆ ಮಾಡೆಲ್ ಎಷ್ಟು ಅಪರೂಪ ಎಂಬ ಪುರಾಣ, ಯಾವುದೂ ಅಲ್ಲಿ ಬೇಡ. ಬೆಲೆಗೆ ಮಾರಾಟದ ರಶೀದಿ ಹಾಕಿ, ಬದಲಿ ವೂಫರ್‌ನ ಬೆಲೆ ಮತ್ತು ಕೂಲಿಯ ಅಂದಾಜು ಪಟ್ಟಿ ಲಗತ್ತಿಸಿದೆ. ಜೋಡಿ ಸ್ಪೀಕರ್ ಆದ್ದರಿಂದ ಎರಡಕ್ಕೂ ಹಣ ಕೇಳುವ ಆಸೆಯಾಯಿತು. ಕೇಳಲಿಲ್ಲ. ಕೆಟ್ಟದ್ದು ಒಂದು, ಅದಕ್ಕೆ ಸರಿಹೊಂದುವ ವೂಫರ್ ಸಿಗುತ್ತಿತ್ತು. ದುರಾಸೆಗೆ ಬಿದ್ದಿದ್ದರೆ ಉಳಿದ ಮಾತೂ ಹಗುರಾಗುತ್ತಿತ್ತು.

ಹೀಗೆ ಹೇಳಿದೆನೆಂದು ಎಲ್ಲ ಹಾನಿಗೂ ಕ್ಲೈಮ್ ಹಾಕಲು ಹೋಗಬೇಡಿ. ಒಮ್ಮೆ ನಾನೇ ಒಂದು ಟರ್ನ್‌ಟೇಬಲ್ ತರಿಸಿಕೊಂಡಿದ್ದೆ. ಮಾರಿದವರು ಪ್ಲ್ಯಾಟರ್ (ರೆಕಾರ್ಡ್ ಕೂರುವ ಭಾರದ ತಟ್ಟೆ) ತೆಗೆದಿರಲಿಲ್ಲ, ಟೋನ್‌ಆರ್ಮ್ (ಸೂಜಿ ಹಿಡಿಯುವ ತೋಳು) ಕಟ್ಟಿರಲಿಲ್ಲ, ಅದರ ಹಿಂದಿನ ಭಾರದ ಗುಂಡು ಬಿಚ್ಚಿರಲಿಲ್ಲ. ದಾರಿಯುದ್ದಕ್ಕೂ ಪ್ಲ್ಯಾಟರ್ ಒಳಗೇ ಕುಣಿದು ಮುಚ್ಚಳ ಒಡೆದು, ಆರ್ಮ್‌ನ ಬೇರಿಂಗ್ ಸಡಿಲಾಗಿತ್ತು. ಆ ಪಾರ್ಸೆಲನ್ನು ಹೂವಿನಂತೆ ಎತ್ತಿ ಇಟ್ಟಿದ್ದರೂ ಅದೇ ಗತಿ. ಮಾರಿದವರ ಜೊತೆ ಮಾತಾಡಿ ಅರ್ಧ ಹಣ ವಾಪಸ್ ಪಡೆದು ಸುಮ್ಮನಾದೆ.

ಮೇಲ್ಮನವಿ ಹಾಕಿ ಐದು ವಾರ. ನಡುವೆ ಎರಡು ಸಲ ಅದೇ ಕಾಗದಗಳನ್ನು ಮತ್ತೆ ಕೇಳಿದರು, ಎರಡು ಸಲವೂ ಕ್ಲೈಮ್ ಸಂಖ್ಯೆ ಮೇಲೆ ಬರೆದು ಮತ್ತೆ ಕಳಿಸಿದೆ. ವೂಫರ್‌ನ ಬೆಲೆ ಮತ್ತು ಕೂಲಿ ಪೂರ್ತಿ ಬಂತು. ಸಾಗಣೆಯ ಶುಲ್ಕ ಬರಲಿಲ್ಲ, ಅದಕ್ಕೆ ಜಗಳ ಆಡಲಿಲ್ಲ. ಜೊತೆಗೆ ಒಂದು ಷರತ್ತು: ಪರಿಹಾರ ಕೊಟ್ಟ ಮೇಲೆ ಕೆಟ್ಟ ವೂಫರ್ ನಮ್ಮದು, ಕಳಿಸಿಕೊಡಿ. ನ್ಯಾಯವೇ. ಕ್ಲೈಮ್ ಮುಗಿಯುವ ಮುಂಚೆ ಹಾಳಾದದ್ದನ್ನು ಗುಜರಿಗೆ ಹಾಕಬೇಡಿ ಎನ್ನುವುದು ಇದಕ್ಕೇ. ಕೊಂಡವರು ಅದನ್ನು ನನಗೆ ತಲುಪಿಸಿದರು, ನಾನು ಕಂಪನಿಗೆ ಕಳಿಸಬೇಕಿತ್ತು. ಸತ್ತ ವೂಫರನ್ನು ಫೋಮ್ ನಡುವೆ ಕೂರಿಸಿ, ಒಳಪೆಟ್ಟಿಗೆ ಮುಚ್ಚಿ, ಹೊರಪೆಟ್ಟಿಗೆಗೆ ಇಳಿಸಿ, ಆರೂ ಮುಖಗಳ ಫೋಟೋ ತೆಗೆದು, ತೂಕ ಹಾಕಿದೆ. ಟೇಪ್ ಕತ್ತರಿಸುವಾಗ ನಗು ಬಂತು, ಆದರೆ ವೀಡಿಯೋ ಮಾತ್ರ ನಿಲ್ಲಿಸಲಿಲ್ಲ.