ಲಿಟಲ್ ಲೀಗ್ ಕೋಚ್ ಆದ ಅಪ್ಪ-ಅಮ್ಮಂದಿರಿಗೆ: ಗೆಲ್ಲುವ ಹಠ, ಆಟದ ಮರ್ಯಾದೆ

ಅಮೆರಿಕದಲ್ಲಿ ಮಗುವನ್ನು ಬೇಸ್‌ಬಾಲ್‌ಗೆ ಸೇರಿಸಿದವರಿಗೆ ಸೀಸನ್ ಶುರುವಾಗುವ ಮುಂಚೆ ಒಂದು ಈಮೇಲ್ ಬರುವುದುಂಟು: ಕೋಚ್‌ಗಳು ಸಾಲುತ್ತಿಲ್ಲ, ಯಾರಾದರೂ ಮುಂದೆ ಬನ್ನಿ. ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್ ನಡೆಯುವುದೇ ಸಂಬಳವಿಲ್ಲದ ಅಪ್ಪ-ಅಮ್ಮಂದಿರಿಂದ. ಹಾಗಾಗಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದ ಕನ್ನಡಿಗರೂ ಒಂದು ದಿನ ಕ್ಲಿಪ್‌ಬೋರ್ಡ್ ಹಿಡಿದು ಮೈದಾನದಲ್ಲಿ ನಿಂತಿರುತ್ತಾರೆ.

ನಿಯಮ ಕಲಿಯುವುದು ಎರಡು ವಾರದ ಕೆಲಸ. ಕಷ್ಟ ಇರುವುದು ಬೇರೆ ಕಡೆ. ಹನ್ನೆರಡು ಮಕ್ಕಳಲ್ಲಿ ಗೆಲ್ಲುವ ಹಠ ಹುಟ್ಟಿಸಬೇಕು, ಆ ಹಠ ಎದುರಾಳಿಯ ಮೇಲೋ ಅಂಪೈರ್ ಮೇಲೋ ತಿರುಗದಂತೆ ನೋಡಿಕೊಳ್ಳಲೂಬೇಕು. ಲಿಟಲ್ ಲೀಗ್‌ನ ಪ್ರತಿಜ್ಞೆಯಲ್ಲಿ ನ್ಯಾಯವಾಗಿ ಆಡುತ್ತೇನೆ ಎನ್ನುವುದೂ ಗೆಲ್ಲಲು ಶ್ರಮಿಸುತ್ತೇನೆ ಎನ್ನುವುದೂ ಒಂದೇ ವಾಕ್ಯದಲ್ಲಿವೆ. ನೆಲದ ಮೇಲೆ ಉರುಳಿ ಬರುವ ಚೆಂಡು (ಗ್ರೌಂಡರ್) ಹಿಡಿಯುವುದನ್ನು ಮಾಡಿಸಿ ಮಾಡಿಸಿ ಕಲಿಸುವ ಹಾಗೆ ಇದನ್ನೂ ಅಭ್ಯಾಸದಲ್ಲೇ ಕೂಡಿಸಬೇಕು. ಉಪದೇಶ ಮಾಡಿದರೆ ಮಕ್ಕಳು ಹುಲ್ಲು ಕೀಳುತ್ತಾ ಕೂರುತ್ತಾರೆ, ಅಷ್ಟೆ.

ಮೊದಲು ದೊಡ್ಡವರು

ಮೊದಲ ಅಭ್ಯಾಸಕ್ಕೂ ಮುಂಚೆ ಪೋಷಕರ ಜೊತೆ 20 ನಿಮಿಷ ಕುಳಿತುಕೊಳ್ಳಿ. ಯಾರು ಎಷ್ಟು ಹೊತ್ತು ಆಡುತ್ತಾರೆ ಎಂಬುದನ್ನು ಅಂದೇ ಲೆಕ್ಕ ಸಮೇತ ಹೇಳಿಬಿಡಿ. 12 ಮಕ್ಕಳು, 6 ಇನಿಂಗ್ (ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡಿದರೆ ಒಂದು ಇನಿಂಗ್), ಮೈದಾನದಲ್ಲಿ 9 ಜಾಗ. ಪ್ರತಿ ಇನಿಂಗ್‌ಗೆ ಮೂವರು ಹೊರಗೆ, ಒಟ್ಟು 18 ಸಲ ಹೊರಗೆ ಕೂರುವುದು. ಅಂದರೆ ಆರು ಮಕ್ಕಳು ಒಂದು ಇನಿಂಗ್, ಉಳಿದ ಆರು ಮಕ್ಕಳು ಎರಡು ಇನಿಂಗ್ ಕೂರುತ್ತಾರೆ. ಮುಂದಿನ ಪಂದ್ಯದಲ್ಲಿ ಅದಲುಬದಲು. ಯಾರೂ ಸತತ ಎರಡು ಇನಿಂಗ್ ಕೂರುವಂತಿಲ್ಲ. ಈ ಹಾಳೆಯನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಿ. ಪಂದ್ಯದ ಬಿಸಿಯಲ್ಲಿ ಬರೆದರೆ ಕೈ ತಾನಾಗಿ ಒಳ್ಳೆಯ ಆಟಗಾರರ ಕಡೆಗೇ, ಅದಕ್ಕಿಂತ ಹೆಚ್ಚಾಗಿ ಸ್ವಂತ ಮಗನ ಕಡೆಗೆ, ಹೋಗುತ್ತದೆ. ಅಲ್ಲಿನವರು ಇದಕ್ಕೆ ‘ಡ್ಯಾಡಿ ಬಾಲ್’ ಎಂದೇ ಹೆಸರಿಟ್ಟಿದ್ದಾರೆ. ಎಲ್ಲರಿಗೂ ಎಲ್ಲ ಜಾಗ ಎಂದೂ ಮಾತು ಕೊಡಬೇಡಿ: ವೇಗವಾಗಿ ಬರುವ ಎಸೆತ ಹಿಡಿಯಲಾಗದ ಮಗುವನ್ನು ಫಸ್ಟ್ ಬೇಸ್‌ನಲ್ಲಿ (ಓಡುವವರು ಮುಟ್ಟಬೇಕಾದ ಬೇಸ್‌ಗಳಲ್ಲಿ ಮೊದಲನೆಯದು) ನಿಲ್ಲಿಸಿದರೆ ಮುಖಕ್ಕೇ ಪೆಟ್ಟು.

ದೂರು ಏನಿದ್ದರೂ ಪಂದ್ಯ ಮುಗಿದು 24 ಗಂಟೆ ಆದ ಮೇಲೆ ಎಂದು ಹೇಳಿ. ನಮ್ಮವರಿಗೆ ಬೇರೆಯೇ ಒಂದು ಮಾತು ಹೇಳಬೇಕಾಗುತ್ತದೆ. ಕೋಚ್‌ಗೆ ಅರ್ಥವಾಗದು ಎಂಬ ಧೈರ್ಯದಲ್ಲಿ ಬೇಲಿಯ ಹಿಂದಿನಿಂದ ‘ಕಾಲು ಅಗಲ ಮಾಡೋ, ಮೊಣಕೈ ಎತ್ತೋ’ ಎಂದು ಕನ್ನಡದಲ್ಲಿ ಕೂಗುವ ಚಾಳಿ. ಗಂಟೆಗೆ 50 ಮೈಲಿ ವೇಗದ ಚೆಂಡಿಗೆ ಎಸೆಯುವ ಪಿಚರ್‌ನಿಂದ ಬ್ಯಾಟರ್‌ವರೆಗಿನ 46 ಅಡಿ ದಾಟಲು ಮುಕ್ಕಾಲು ಸೆಕೆಂಡೂ ಬೇಕಿಲ್ಲ. ಅಷ್ಟರಲ್ಲಿ ಮಗು ಚೆಂಡು ನೋಡಬೇಕೋ ಅಪ್ಪನ ಮಾತು ಕೇಳಬೇಕೋ? ಹೆಸರು ಹಿಡಿದು ಹುರಿದುಂಬಿಸಲಿ, ಸೂಚನೆ ಮಾತ್ರ ಬೇಡ.

ಅಭ್ಯಾಸದಲ್ಲೇ ಪೈಪೋಟಿ

ಪೈಪೋಟಿ ಬರೀ ಶನಿವಾರದ ಪಂದ್ಯಕ್ಕೆ ಮೀಸಲಾದರೆ ಮಕ್ಕಳು ಅಂದು ಕಂಗಾಲಾಗುತ್ತಾರೆ. 90 ನಿಮಿಷದ ಅಭ್ಯಾಸದಲ್ಲಿ ಕನಿಷ್ಠ 30 ನಿಮಿಷ ಅಂಕ ಎಣಿಸುವ ಆಟ ಇರಲಿ. ಸುಲಭದ್ದು ಇದು: ಇಬ್ಬಿಬ್ಬರ ಆರು ಜೋಡಿ, ನಡುವೆ 40 ಅಡಿ, 60 ಸೆಕೆಂಡು. ಎಸೆತ ಎದೆಯ ಮಟ್ಟದಲ್ಲಿ ಬಂದರೆ 2 ಅಂಕ, ಮುಖದ ಮಟ್ಟಕ್ಕೆ 1, ಉಳಿದದ್ದಕ್ಕೆ ಸೊನ್ನೆ. ಜೋಡಿಗಳು ತಮ್ಮ ಅಂಕ ತಾವೇ ಎಣಿಸಲಿ. ಎರಡು-ಮೂರು ವಾರದಲ್ಲಿ ಅಂಕಗಳು ಅನುಮಾನ ಬರುವಷ್ಟು ಏರತೊಡಗುತ್ತವೆ. ಆಗ ಗದರಬೇಡಿ, ಪಕ್ಕದ ಜೋಡಿಯ ಅಂಕ ಎಣಿಸಲು ಹೇಳಿ. ಲೆಕ್ಕ ತಾನಾಗಿ ದಾರಿಗೆ ಬರುತ್ತದೆ. ಜೋಡಿಗಳನ್ನು ವಾರವಾರ ಬದಲಿಸಿ, ಇಲ್ಲದಿದ್ದರೆ ಅದೇ ಇಬ್ಬರು ಗೆಲ್ಲುತ್ತಾರೆ, ಉಳಿದವರು ಕೈಚೆಲ್ಲುತ್ತಾರೆ.

ಇನ್ನೊಂದು, ಸತತ 9 ಔಟ್. ಇನ್‌ಫೀಲ್ಡ್‌ಗೆ, ಅಂದರೆ ಬೇಸ್‌ಗಳ ಸುತ್ತಲಿನ ಒಳ ಮೈದಾನಕ್ಕೆ, ನೀವು ಚೆಂಡು ಹೊಡೆಯುತ್ತಾ ಹೋಗಿ. ಒಂದು ತಪ್ಪಾದರೂ ಎಣಿಕೆ ಮತ್ತೆ ಸೊನ್ನೆಯಿಂದ. ಇಲ್ಲಿ ಅಂಪೈರ್ ಇಲ್ಲ. ಬೇಸ್ ಮೇಲೆ ಕಾಲಿತ್ತೋ ಇಲ್ಲವೋ ಎಂದು ಹಿಡಿದವನೇ ಹೇಳಬೇಕು. ಏಳನೇ ಔಟ್‌ನಲ್ಲಿ ‘ಕಾಲು ಎತ್ತಿಬಿಟ್ಟೆ’ ಎಂದು ಒಪ್ಪಿಕೊಂಡವನ ಮೇಲೆ ಉಳಿದವರು ಮುನಿಸಿಕೊಂಡರೆ ಅಲ್ಲೇ ಆಟ ನಿಲ್ಲಿಸಿ, ಒಪ್ಪಿಕೊಂಡದ್ದಕ್ಕೆ ಎಣಿಕೆ ಸೊನ್ನೆಗೆ ಹೋಗದೆ ಐದಕ್ಕೆ ಇಳಿಯುತ್ತದೆ ಎನ್ನಿ.

ಸೋತವರಿಗೆ ಮೈದಾನ ಸುತ್ತುವ ಶಿಕ್ಷೆ ಬೇಡವೇ ಬೇಡ. ಓಟವನ್ನು ಶಿಕ್ಷೆ ಮಾಡಿದ ಮೇಲೆ ಬೇಸ್‌ನಿಂದ ಬೇಸ್‌ಗೆ ಮನಸ್ಸಿಟ್ಟು ಓಡು ಎಂದರೆ ಯಾವ ಮಗು ಓಡುತ್ತದೆ?

ಚೆಂಡು ಕಾಲ ಸಂದಿಯಲ್ಲಿ ನುಸುಳಿದಾಗ

ಶಾರ್ಟ್‌ಸ್ಟಾಪ್‌ನಲ್ಲಿ, ಅಂದರೆ ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ, ನಿಂತ ಹುಡುಗಿಯ ಕಾಲ ಸಂದಿಯಲ್ಲಿ ಚೆಂಡು ನುಸುಳಿ ಒಂದು ರನ್ ಬಂತು. ಅವಳು ಮೊದಲು ನೋಡುವುದು ನಿಮ್ಮ ಮುಖ. ಟೋಪಿ ತೆಗೆದು ತಲೆ ಕೆರೆದುಕೊಂಡರೂ ಬೈದಂತೆಯೇ. ಇದಕ್ಕೊಂದು ಕ್ರಮವನ್ನು ಮೊದಲೇ ರೂಢಿ ಮಾಡಿಸಿ. ತಪ್ಪಾದ ಕೂಡಲೇ ಒಂದು ಚಿಟಿಕೆ ಮಣ್ಣು ತೆಗೆದು ಹಿಂದಕ್ಕೆ ಎಸೆಯುವುದು, ಎಷ್ಟು ಔಟ್ ಎಂದು ಬೆರಳೆತ್ತಿ ಜೋರಾಗಿ ಹೇಳುವುದು, ಪಿಚರ್ ಕಡೆ ತಿರುಗುವುದು. ಐದು ಸೆಕೆಂಡಿನ ಕೆಲಸ. ನೀವು ಹೇಳಬೇಕಾದ್ದು ಮುಂದಿನ ಚೆಂಡಿನ ಬಗ್ಗೆ ಒಂದೇ ಮಾತು: ‘ಒಂದು ಔಟ್, ಫಸ್ಟ್‌ಗೆ ಎಸಿ.’ ಗ್ಲೌವ್ ಏಕೆ ನೆಲಕ್ಕೆ ತಾಕಲಿಲ್ಲ ಎಂಬ ಪಾಠವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ, ಮುಂದಿನ ಅಭ್ಯಾಸದಲ್ಲಿ ತಿದ್ದಿದರಾಯಿತು.

ಇದು ಮೆತ್ತಗಿನವರ ಮಾತು ಎನ್ನುವವರಿಗೆ ಒಂದು ಲೆಕ್ಕ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರ್ಯಾಂಕ್ ಸ್ಮಾಲ್ ಲಿಟಲ್ ಲೀಗ್ ಕೋಚ್‌ಗಳಿಗೆ ತಪ್ಪಾದಾಗ ಧೈರ್ಯ ತುಂಬುವ, ಶಿಕ್ಷೆ ಬಿಡುವ ತರಬೇತಿ ಕೊಟ್ಟು ನೋಡಿದರು. 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತರಬೇತಿ ಇಲ್ಲದ ಕೋಚ್‌ಗಳ ಕೈಕೆಳಗಿನ ಮಕ್ಕಳಲ್ಲಿ ಶೇ. 26ರಷ್ಟು ಮುಂದಿನ ವರ್ಷ ಆಟ ಬಿಟ್ಟಿದ್ದರು. ತರಬೇತಾದವರ ಕಡೆ ಶೇ. 5 ಮಾತ್ರ.

ಗೆದ್ದೂ ಏನೂ ಕಲಿಯದ ಆಟ

ಎಂಟರಿಂದ ಹತ್ತು ವರ್ಷದವರ ಲೀಗ್‌ನಲ್ಲಿ ಒಂದು ಕೆಟ್ಟ ಗುಟ್ಟಿದೆ. ಈ ವಯಸ್ಸಿನ ಪಿಚರ್‌ಗಳಿಗೆ ಸ್ಟ್ರೈಕ್, ಅಂದರೆ ಬ್ಯಾಟರ್‌ಗೆ ಹೊಡೆಯಲು ಸಿಗುವ ಸರಿಯಾದ ಎಸೆತ, ಹಾಕುವುದೇ ಕಷ್ಟ. ಬ್ಯಾಟ್ ಬೀಸಲೇಬೇಡಿ ಎಂದು ಮಕ್ಕಳಿಗೆ ಹೇಳಿಬಿಟ್ಟರೆ ಸಾಲುಸಾಲಾಗಿ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಫಸ್ಟ್ ಬೇಸ್) ಸಿಗುತ್ತದೆ. ಬ್ಯಾಟರ್ ಹಿಂದೆ ಕೂತ ಕ್ಯಾಚರ್ ಕೈಗೆ ಚೆಂಡು ಸಿಕ್ಕದಾಗೆಲ್ಲ ಒಂದೊಂದು ಬೇಸ್ ಕದಿಯಬಹುದು, ಅಂದರೆ ಯಾರೂ ಚೆಂಡು ಹೊಡೆಯದೆಯೇ ಮುಂದಿನ ಬೇಸ್‌ಗೆ ಓಡಬಹುದು. ಒಂದೂ ಹಿಟ್ ಇಲ್ಲದೆ ಐದು ರನ್. ಕಿರಿಯರ ವಿಭಾಗದಲ್ಲಿ ಇನಿಂಗ್‌ಗೆ ಐದೇ ರನ್ ಎಂಬ ಮಿತಿ ಇರುವುದರಿಂದ ಅಲ್ಲಿಗೆ ನಿಲ್ಲುತ್ತದೆ, ಅಷ್ಟೇ ಪುಣ್ಯ. ನಿಯಮದ ಪ್ರಕಾರ ಇದರಲ್ಲಿ ತಪ್ಪಿಲ್ಲ. ಆದರೆ ಹೀಗೆ ಗೆದ್ದ ಮಕ್ಕಳಿಗೆ ಬ್ಯಾಟ್ ಬೀಸಿಯೇ ಗೊತ್ತಿರುವುದಿಲ್ಲ. ಎರಡು ವರ್ಷದ ಮೇಲೆ ನಿಜವಾಗಿ ಸ್ಟ್ರೈಕ್ ಹಾಕುವ ಪಿಚರ್ ಎದುರಾದಾಗ ಕಂಬದಂತೆ ನಿಲ್ಲುತ್ತಾರೆ. ಹೊಡೆಯಲು ಸಿಗುವ ಮೊದಲ ಚೆಂಡಿಗೇ ಬೀಸಬೇಕು ಎಂಬುದೇ ತಂಡದ ಕಟ್ಟಳೆ ಆಗಲಿ. ಸ್ಕೋರ್ ಪುಸ್ತಕದ ಅಂಚಿನಲ್ಲಿ ಯಾರು ಎಷ್ಟು ಸಲ ಪೂರ್ತಿ ಬೀಸಿದರು ಎಂದು ಗೀಟು ಹಾಕುತ್ತಾ ಹೋಗಿ. ಒಂದೆರಡು ಪಂದ್ಯ ಸೋಲಬಹುದು. ಸೋಲಿ.

ಎಂಟು ರನ್ ಮುಂದಿದ್ದರೆ ಬೇಸ್ ಕದಿಯುವುದು ನಿಲ್ಲಿಸಿ, ಸಿಂಗಲ್‌ಗೆ (ಬ್ಯಾಟರ್‌ನನ್ನು ಫಸ್ಟ್ ಬೇಸ್‌ಗೆ ತಲುಪಿಸುವ ಹೊಡೆತ) ಬೇಸ್ ಮೇಲಿದ್ದವರನ್ನು ಒಂದೇ ಬೇಸ್ ಓಡಿಸಿ, ಪಿಚಿಂಗ್ ಮಾಡದ ಮಗುವಿಗೆ ಚೆಂಡು ಕೊಡಿ. ಸದ್ದಿಲ್ಲದೆ ಮಾಡಿ. ಬೇಕೆಂದೇ ಔಟಾಗು, ಎಡಗೈಯಲ್ಲಿ ಆಡು ಎನ್ನುವುದು ಮಾತ್ರ ಕೂಡದು. ಕರುಣೆ ತೋರಿಸುತ್ತಿದ್ದಾರೆ ಎಂದು ಎದುರಿನ ಮಕ್ಕಳಿಗೆ ಗೊತ್ತಾಗುತ್ತದೆ, ಸೋಲಿಗಿಂತ ಅದು ಹೆಚ್ಚು ಉರಿಯುತ್ತದೆ. ಹಿಂದೆ ಬಿದ್ದಿರುವವರು ನೀವಾದರೆ ಗುರಿ ಚಿಕ್ಕದು ಮಾಡಿ: ಈ ಇನಿಂಗ್‌ನ ಮೂರು ಔಟ್ 20 ಪಿಚ್‌ನೊಳಗೆ, ಅಂದರೆ 20 ಎಸೆತದೊಳಗೆ.

ಗೆರೆ ಎಲ್ಲಿದೆ

ಕ್ರಿಕೆಟ್‌ನಿಂದ ಬಂದವರಿಗೆ ಇಲ್ಲಿ ಸ್ವಲ್ಪ ಗೊಂದಲ. ಔಟ್ ಎಂದು ತನಗೇ ಗೊತ್ತಿದ್ದರೆ ಬ್ಯಾಟರ್ ತಾನೇ ನಡೆದುಬಿಡುವ ಸಂಪ್ರದಾಯ ಬೇಸ್‌ಬಾಲ್‌ನಲ್ಲಿಲ್ಲ. ಅಂಪೈರ್ ಹೇಳಿದ್ದೇ ಕೊನೆ. ಬೇಸ್ ಕದಿಯುವುದು ಕಲೆ, ಮೋಸವಲ್ಲ. ಆದರೆ ಕ್ಯಾಚರ್ ಪಿಚರ್‌ಗೆ ಕೊಡುವ ಸನ್ನೆ ಕದ್ದು ಬ್ಯಾಟರ್‌ಗೆ ತಿಳಿಸುವುದನ್ನು ಲಿಟಲ್ ಲೀಗ್ ಕ್ರೀಡಾಮನೋಭಾವಕ್ಕೆ ವಿರುದ್ಧ ಎಂದೇ ನಿಯಮದಲ್ಲಿ ಬರೆದಿದೆ. ಕೈಯಲ್ಲಿ ಚೆಂಡಿಲ್ಲದೆ ಸುಳ್ಳು ಟ್ಯಾಗ್ ಮಾಡುವುದು, ಅಂದರೆ ಓಡುವವನನ್ನು ಚೆಂಡಿನಿಂದ ಮುಟ್ಟಿ ಔಟ್ ಮಾಡುವಂತೆ ನಟಿಸುವುದು, ಅಡ್ಡಿ ಎಂದು ಲೆಕ್ಕ. ಓಡುವವನು ಗಕ್ಕನೆ ಜಾರಿ ಕಾಲು ಮುರಿದುಕೊಂಡಾನು ಎಂಬುದು ಕಾರಣ.

ಅಂಪೈರ್ ಎಷ್ಟೋ ಸಲ ಹೈಸ್ಕೂಲಿನ ಹುಡುಗನಾಗಿರುತ್ತಾನೆ. ಟೈಮ್ ಕೇಳಿ, ನಡೆದುಕೊಂಡು ಹೋಗಿ, ತಗ್ಗಿದ ದನಿಯಲ್ಲಿ ನಿಯಮದ ಬಗ್ಗೆ ಮಾತ್ರ ಕೇಳಿ. ಬಾಲೋ ಸ್ಟ್ರೈಕೋ, ಸೇಫೋ ಔಟೋ ಎಂಬುದು ಅವನಿಗೆ ಬಿಟ್ಟದ್ದು. ಮಕ್ಕಳಿಗೆ ಹೇಳಲು ಒಂದು ಪ್ರಸಂಗವಿದೆ. 2010ರ ಜೂನ್ 2ರಂದು ಡೆಟ್ರಾಯ್ಟ್‌ನಲ್ಲಿ ವೃತ್ತಿಪರ ಪಿಚರ್ ಅರ್ಮಾಂಡೊ ಗಲರಾಗ 26 ಜನರನ್ನು ಸಾಲಾಗಿ ಔಟ್ ಮಾಡಿದ್ದ. 27ನೆಯವನನ್ನು ಅಂಪೈರ್ ಜಿಮ್ ಜಾಯ್ಸ್ ತಪ್ಪಾಗಿ ಸೇಫ್ ಎಂದ. 27 ಜನರನ್ನೂ ಸಾಲಾಗಿ ಔಟ್ ಮಾಡುವ ಅಪರೂಪದ ಪರ್ಫೆಕ್ಟ್ ಗೇಮ್ ಕೈತಪ್ಪಿತು. ಗಲರಾಗ ನಕ್ಕು ಮರಳಿ ಪಿಚಿಂಗ್ ದಿಬ್ಬಕ್ಕೆ ಹೋದ, ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿದ. ಮರುದಿನ ಕಣ್ಣೀರು ಹಾಕುತ್ತಿದ್ದ ಜಾಯ್ಸ್‌ಗೆ ಆಟಗಾರರ ಪಟ್ಟಿಯ (ಲೈನ್‌ಅಪ್) ಚೀಟಿ ಕೊಟ್ಟವನೂ ಅವನೇ. ಹೇಳುವಾಗ ಆ ಮುಂದಿನ ಔಟ್ ಬಿಡಬೇಡಿ. ಮಕ್ಕಳಿಗೆ ಬೇಕಾದದ್ದು ಅದೇ.

ದೊಡ್ಡ ಮೋಸಗಳು ಮಾತ್ರ ದೊಡ್ಡವರವೇ. 2001ರಲ್ಲಿ 12 ವರ್ಷ ದಾಟದವರ ಲಿಟಲ್ ಲೀಗ್ ಟೂರ್ನಿ ಆಡಿದ ನ್ಯೂಯಾರ್ಕ್‌ನ ಬ್ರಾಂಕ್ಸ್ ತಂಡದ ಪಿಚರ್‌ಗೆ 14 ವರ್ಷ ಎಂದು ಬಯಲಾಗಿ ಗೆಲುವುಗಳೆಲ್ಲ ರದ್ದಾದವು. ತನ್ನ ಲೀಗ್‌ಗೆ ಗೊತ್ತುಮಾಡಿದ ಪ್ರದೇಶದ ಗಡಿ ಆಚೆಯ ಮಕ್ಕಳನ್ನು ಆಡಿಸಿದ್ದಕ್ಕೆ ಶಿಕಾಗೋ ತಂಡವೊಂದು 2014ರ ಅಮೆರಿಕ ಪ್ರಶಸ್ತಿ ಕಳೆದುಕೊಂಡಿತು. ನಿಮ್ಮ ಮಟ್ಟದಲ್ಲಿ ಎದುರಾಗುವ ಆಸೆ ಪಿಚ್ ಎಣಿಕೆಯದು, ಅಂದರೆ ಒಬ್ಬ ಪಿಚರ್ ದಿನಕ್ಕೆ ಎಸೆಯಬಹುದಾದ ಎಸೆತಗಳ ಮಿತಿ ಮೀರುವುದು. 9-10 ವರ್ಷಕ್ಕೆ ದಿನಕ್ಕೆ 75, 11-12ಕ್ಕೆ 85. 66 ಅಥವಾ ಅದಕ್ಕಿಂತ ಹೆಚ್ಚಾದರೆ ನಾಲ್ಕು ದಿನ ವಿಶ್ರಾಂತಿ, 51ರಿಂದ 65ಕ್ಕೆ ಮೂರು, 36ರಿಂದ 50ಕ್ಕೆ ಎರಡು, 21ರಿಂದ 35ಕ್ಕೆ ಒಂದು. ಪ್ರತಿ ಇನಿಂಗ್ ಮುಗಿದ ಕೂಡಲೇ ಎದುರಿನ ಸ್ಕೋರರ್ ಜೊತೆ ಎಣಿಕೆ ತಾಳೆ ನೋಡಿ. ಕೊನೆಗೆ ನೋಡಿದರೆ ಜಗಳ ಖಾತ್ರಿ. ಮೊಣಕೈ ನೋಯುತ್ತಿದೆಯಾ ಎಂದು ಕೇಳಿದರೆ ಹಠವಾದಿ ಮಗು ಇಲ್ಲ ಎಂದೇ ಅನ್ನುತ್ತದೆ. ತೋಳು ಕೊಡವುತ್ತಿದ್ದರೆ, ಚೆಂಡು ಮೇಲಕ್ಕೆ ಹೋಗತೊಡಗಿದರೆ, ಎಣಿಕೆ ಎಷ್ಟೇ ಇರಲಿ, ತೆಗೆಯಿರಿ.

ಪಂದ್ಯ ಮುಗಿದ ಮೇಲೆ ಸಾಲಾಗಿ ಕೈ ಮುಟ್ಟಿಸುವಾಗ ಕಣ್ಣು ನೋಡಿ ‘ಗುಡ್ ಗೇಮ್’ ಎನ್ನುವುದನ್ನೂ ಅಭ್ಯಾಸದಲ್ಲೇ ಮಾಡಿಸಿರಬೇಕು. ಆಮೇಲೆ ಪೋಷಕರಿಂದ ದೂರ, ಔಟ್‌ಫೀಲ್ಡ್ ಹುಲ್ಲಿನ ಮೇಲೆ ಮೂರು ನಿಮಿಷ ಮಾತು. ಗೆದ್ದಾಗಲೂ ಸೋತಾಗಲೂ ಅಷ್ಟೇ ಹೊತ್ತು. ಯಾರು ಯಾವ ಚೆಂಡಿಗೆ ಏನು ಮಾಡಿದರು ಎಂದು ಹೆಸರು ಹಿಡಿದು ಹೇಳಿ. ನಿಮ್ಮ ಮಗುವೂ ಅದೇ ಮಾತು ಕೇಳಿಸಿಕೊಂಡಿದೆಯಲ್ಲ, ಕಾರಿನಲ್ಲಿ ಮತ್ತೆ ಶುರು ಮಾಡಬೇಡಿ. ‘ಹಸಿವಾ? ಏನು ತಿಂತೀಯ?’ ಎಂದು ಕೇಳಿ.