ಗೋಪುರದ ಮೇಲಿಂದ ಫೋರ್ಟ್ ವಿಕ್ಟೋರಿಯಾ

ಇಂಗ್ಲೆಂಡಿನಲ್ಲಿ, ಲಿವರ್‌ಪೂಲ್‌ನ ಎದುರು ದಡದಲ್ಲಿರುವ ಬರ್ಕನ್‌ಹೆಡ್‌ನ ಕ್ಯಾಮೆಲ್ ಲೇರ್ಡ್ ಶಿಪ್‌ಯಾರ್ಡಿನಲ್ಲಿ ರಿಪೇರಿಗೆ ನಿಂತ ಹಡಗಿನ ಫೋಟೋ ತೆಗೆಯಲು ಯಾರ್ಡಿನ ಒಳಗೇ ಹೋಗಬೇಕೆಂದಿಲ್ಲ. ಪಕ್ಕದಲ್ಲೇ 12ನೇ ಶತಮಾನದ ಕ್ರೈಸ್ತ ಮಠವೊಂದಿದೆ, ಬರ್ಕನ್‌ಹೆಡ್ ಪ್ರಯರಿ. ಅದರ ಆವರಣದ ಸೇಂಟ್ ಮೇರಿ ಚರ್ಚು ಹೋಗಿ ಗೋಪುರ ಉಳಿದಿದೆ. ಮಂಡಿ ಗಟ್ಟಿಯಿದ್ದವರು 101 ಮೆಟ್ಟಿಲು ಹತ್ತಿದರೆ ನೀರು ಹೊರಹಾಕಿ ಹಡಗು ರಿಪೇರಿ ಮಾಡುವ ಹೊಂಡ, ಅಂದರೆ ಡ್ರೈ ಡಾಕ್, ಕಾಲ ಕೆಳಗೇ ಕಾಣುತ್ತದೆ. ಸುರುಳಿ ಮೆಟ್ಟಿಲು ಇಕ್ಕಟ್ಟು, ಹಾಗಾಗಿ ಟ್ರೈಪಾಡ್ ಒಯ್ಯುವುದಿಲ್ಲ. ಇದೇ ಯಾರ್ಡಿನಲ್ಲಿ ಕಟ್ಟಿದ ಜಲಾಂತರ್ಗಾಮಿ ಥೀಟಿಸ್ 1939ರ ಜೂನ್ 1ರಂದು ಪರೀಕ್ಷಾ ಯಾನದಲ್ಲಿ ಮುಳುಗಿ 99 ಮಂದಿ ಸತ್ತರು. ಗೋಪುರ ಅವರ ಸ್ಮಾರಕವೂ ಹೌದು.

ನಾನು ಹಿಂದೆ ಬಿದ್ದಿದ್ದು ಫೋರ್ಟ್ ವಿಕ್ಟೋರಿಯಾ. ಬ್ರಿಟನ್ನಿನ ಯುದ್ಧನೌಕೆಗಳಿಗೆ ನಡುಸಮುದ್ರದಲ್ಲೇ ಇಂಧನ, ಮದ್ದುಗುಂಡು, ದಿನಸಿ ದಾಟಿಸುವ ಹಡಗು. 1990ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ನೀರಿಗಿಳಿದದ್ದು, ಉದ್ದ 200 ಮೀಟರಿಗೂ ಹೆಚ್ಚು. ನಡೆಸುವವರು ನೌಕಾಪಡೆಯ ಯೋಧರಲ್ಲ, ನೌಕಾಪಡೆಗೆ ಸಾಮಗ್ರಿ ಪೂರೈಸುವ ರಾಯಲ್ ಫ್ಲೀಟ್ ಆಕ್ಸಿಲಿಯರಿಯ ನಾಗರಿಕ ನಾವಿಕರು. ಕಾರವಾರದ ನೌಕಾನೆಲೆಯ ಕಾಂಪೌಂಡ್ ನೋಡುತ್ತಾ ಬೆಳೆದ ನನಗೆ ಬೂದು ಬಣ್ಣದ ಹಡಗಿನತ್ತ ಕ್ಯಾಮೆರಾ ಎತ್ತಲು ಈಗಲೂ ಕೈ ಅಳುಕುತ್ತದೆ. ಇಲ್ಲಿ ಸಾರ್ವಜನಿಕ ಜಾಗದಿಂದ ತೆಗೆದರೆ ಯಾರೂ ಬೇಡ ಅನ್ನುವುದಿಲ್ಲ.

ಗೋಪುರದಿಂದ ಪೂರ್ವಕ್ಕೆ ನೋಡಬೇಕಾದ್ದರಿಂದ ಮಧ್ಯಾಹ್ನದ ಮೇಲೇ ಹೋಗಿ, ಬಿಸಿಲು ಬೆನ್ನಿಗಿರುತ್ತದೆ. ಇಡೀ ಹಡಗು ಒಂದೇ ಫ್ರೇಮಿಗೆ ಬೇಕೆಂದರೆ ಕ್ಯಾಮೆರಾ ಲಂಬವಾಗಿ ಹಿಡಿದು ಸಾಲಾಗಿ ತೆಗೆದು ಆಮೇಲೆ ಜೋಡಿಸಬಹುದು. ನನಗೆ ಆ ಚಿತ್ರ ಸಪ್ಪೆ. ಸಮುದ್ರದಲ್ಲಿ ಓಡುವ ಹಡಗು ಎಲ್ಲರಿಗೂ ಸಿಗುತ್ತದೆ. ರಿಪೇರಿಯ ಸೊಗಸಿರುವುದು ಅದು ಅಡಿ ತೋರಿಸಿಕೊಂಡು ನಿಂತಾಗ. ಅದಕ್ಕೇ ದೂರದ್ದನ್ನು ಹತ್ತಿರ ತರುವ 70–200 ಎಂಎಂ ಲೆನ್ಸ್ ಹಾಕಿ ತುಂಡುತುಂಡಾಗಿ ಹಿಡಿಯುತ್ತೇನೆ: ನೀರಿನ ಗೆರೆಯ ಕೆಳಗಿನ ಕೆಂಪು ಬಣ್ಣ, ಅದರಲ್ಲಿ ಉಜ್ಜಿ ತೆಗೆದ ತೇಪೆಗಳು, ಇಂಧನದ ಪೈಪು ತೂಗುಹಾಕುವ ಕಂಬಗಳ ಸುತ್ತ ಕಟ್ಟಿದ ಅಟ್ಟಣಿಗೆ, ಮದುವೆ ಮನೆಯ ಚಪ್ಪರದಂತೆ ಅದಕ್ಕೆ ಹೊದಿಸಿದ ಬಿಳಿ ಶೀಟು. ಹೆಲ್ಮೆಟ್ ತೊಟ್ಟ ಒಬ್ಬ ಕೆಲಸಗಾರ ಹಡಗಿನ ಹೊಟ್ಟೆಯ ಕೆಳಗೆ ನಡೆದು ಬರುವವರೆಗೆ ಕಾಯುವುದುಂಟು. ಅವನು ಫ್ರೇಮಿಗೆ ಬಂದಾಗಲೇ ಗಾತ್ರ ಅರಿವಾಗುವುದು. ಮುಖ ಗುರುತು ಸಿಗುವಷ್ಟು ಹತ್ತಿರಕ್ಕೆ ಎಳೆಯುವುದಿಲ್ಲ.

ಬಿಳಿ ಶೀಟಿನ ಮೇಲೆ ಬಿಸಿಲು ಬಿದ್ದರೆ ವಿವರವೆಲ್ಲ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪಿನಷ್ಟು, ಅಂದರೆ ಬೆಳಕು ಅರ್ಧವಾಗುವಷ್ಟು, ಇಳಿಸಿ ಆಮೇಲೆ ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಚಿತ್ರ) ನೆರಳಿನ ಭಾಗವನ್ನು ಬೆಳಗಿಸಿಕೊಳ್ಳುತ್ತೇನೆ. ಮೋಡದ ದಿನ ಬೂದು ಹಡಗು, ಬೂದು ಆಕಾಶ ಒಂದಾಗಿಬಿಡುತ್ತವೆ. ಆಗ ಆಕಾಶವನ್ನೇ ಫ್ರೇಮಿನಿಂದ ಹೊರಗಿಡಿ.

ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಪರ ಹೋರಾಡಿದ ಅಲಬಾಮಾ ಹಡಗು 1862ರಲ್ಲಿ ನೀರಿಗಿಳಿದದ್ದೂ ಇದೇ ಯಾರ್ಡಿನಿಂದ. ಅಂದಿನಂತೆ ಇಂದೂ ಇಲ್ಲಿ ಮರ್ಸಿ ನದಿಯ ಉಬ್ಬರವಿಳಿತದ್ದೇ ಕಾರುಬಾರು. ದೊಡ್ಡ ಉಬ್ಬರದ ದಿನ ನೀರು ಹತ್ತು ಮೀಟರಿನ ಆಸುಪಾಸು ಏರಿಳಿಯುತ್ತದೆ. ದೊಡ್ಡ ಹಡಗು ಡಾಕ್‌ನಿಂದ ಹೊರಬೀಳುವುದು ತುಂಬು ನೀರಿನ ಹೊತ್ತಿಗೆ. ಆ ಚಿತ್ರ ಬೇಕಿದ್ದವರು ಉಬ್ಬರದ ಪಟ್ಟಿ ನೋಡಿಕೊಂಡು ಹೊರಡಬೇಕು. ಗೋಪುರ ಮುಚ್ಚಿರುವ ವೇಳೆಯಾದರೆ ಲಿವರ್‌ಪೂಲ್ ದಡಕ್ಕೆ ಹೋಗಿ, ಬೆಳಗ್ಗೆಯಾದರೆ ಅಲ್ಲಿಂದಲೂ ಬೆಳಕು ಬೆನ್ನಿಗೇ. ಆದರೆ ನದಿ ಸುಮಾರು ಒಂದು ಕಿಲೋಮೀಟರ್ ಅಗಲ, 300 ಎಂಎಂಗಿಂತ ಚಿಕ್ಕ ಲೆನ್ಸ್ ಸಾಲದು.