ಕುಡಿದ್ರೆ ಮೈಗೆ ಏನಾಗುತ್ತೆ ಅಂತ ಜನ ನಂಬ್ತಾರೆ? ಅಳೆಯೋದು ಹೀಗೆ

ದಾವಣಗೆರೆ ಕಡೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ), ಸೈಕಾಲಜಿ ಓದೋ ಹುಡುಗ್ರು ಕುಡಿತದ ಸರ್ವೆ ಅಂತ ಹೋದ್ರೆ "ಎಷ್ಟು ಕುಡೀತೀರಿ, ಯಾಕೆ ಕುಡೀತೀರಿ" ಅಷ್ಟೇ ಕೇಳ್ಕೊಂಡು ಬರೋದನ್ನ ತುಂಬಾ ಸಲ ನೋಡಿದೀನಿ. ಕುಡಿದ್ರೆ ಮೈಗೆ ಏನಾಗುತ್ತೆ ಅಂತ ಜನ ಮೊದಲೇ ನಂಬಿರೋದು ಬೇರೆ ವಿಷಯ. ಅದರ ಬಲ ಸಣ್ಣದಲ್ಲ, 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಲಾಟ್ ಮತ್ತು ಜೊತೆಗಾರರು ಮಾಡಿದ ಪ್ರಯೋಗದಲ್ಲಿ ಗ್ಲಾಸಲ್ಲಿ ಬರೀ ಟಾನಿಕ್ ನೀರಿದ್ರೂ ವೋಡ್ಕಾ ಇದೆ ಅಂತ ನಂಬಿದವ್ರು ಜಾಸ್ತಿ ಕುಡಿದ್ರು.

ಮೊದಲು ಪ್ರಶ್ನೆಪಟ್ಟಿ. 1993ರಲ್ಲಿ ಫ್ರೋಮ್ ಮತ್ತು ಜೊತೆಗಾರರು ಮಾಡಿದ, ಕುಡಿದ್ರೆ ಏನಾಗುತ್ತೆ ಅನ್ನೋ ನಿರೀಕ್ಷೆ ಅಳೆಯೋ 38 ಪ್ರಶ್ನೆಗಳ ಪಟ್ಟಿ ಇದೆ, ಅದರಿಂದ ಮೈಗೆ ಸಂಬಂಧಪಟ್ಟವನ್ನ ಆರಿಸ್ಕೊಳ್ಳಿ.

ಎಡವೋದೆಲ್ಲ ಕನ್ನಡಕ್ಕೆ ತರೋವಾಗ. ಕಂಪ್ಯೂಟರ್ ಅನುವಾದ ಬೇಡವೇ ಬೇಡ, "ತಲೆತಿರುಗುವಿಕೆ ಉಂಟಾಗುತ್ತದೆ" ಅಂದ್ರೆ ಎಪಿಎಂಸಿ ಹಮಾಲರು ಮುಖ ನೋಡ್ತಾರೆ, "ತಲೆ ತಿರುಗ್ತೈತೆ" ಅಂತ್ಲೇ ಬರೀರಿ. "ತೂರಾಡ್ತೀನಿ, ಕೈಯಾಗಿಂದು ಬೀಳಿಸ್ತೀನಿ" ಅನ್ನೋದು ಒಂದಲ್ಲ, ಎರಡು ಪ್ರಶ್ನೆ. "ಮೈಕೈ ನೋವು ಹೋಗಿ ನಿದ್ದೆ ಬರ್ತೈತೆ" ಅನ್ನೋದೂ ಅಷ್ಟೇ, ಒಡೀರಿ. "ನಿದ್ದೆ ಬರಲ್ಲ" ಅಂತ ಮಾತ್ರ ಯಾವತ್ತೂ ಕೇಳ್ಬೇಡಿ, ಯಾಕಂದ್ರೆ ಒಬ್ರು "ಹೌದು, ಬರಲ್ಲ" ಅಂತಾರೆ, ಇನ್ನೊಬ್ರು ಅದೇ ಅರ್ಥದಲ್ಲಿ "ಇಲ್ಲ, ಬರಲ್ಲ" ಅಂತಾರೆ, ನೀವು ಹೌದು-ಇಲ್ಲ ಅಂತ ಗುರುತು ಹಾಕ್ಕೊಂಡು ಬಂದ್ರೆ ಇಡೀ ಲೆಕ್ಕ ತಲೆಕೆಳಗು. ಇನ್ನೊಂದು, "ಆಗಿತ್ತಾ" ಅಂದ್ರೆ ನೆನಪು, "ಆಗುತ್ತೆ ಅನ್ಸುತ್ತಾ" ಅಂದ್ರೆ ನಿರೀಕ್ಷೆ. ನಮಗೆ ಬೇಕಿರೋದು ಎರಡನೇದು, ಹಾಗಾಗಿ ಒಂದು ಹನಿನೂ ಮುಟ್ಟದವ್ರನ್ನೂ ಕೇಳಿ.

ಅಳತೆ ಹೇಳದೆ ಕೇಳಿದ್ರೆ ಒಬ್ರ ತಲೇಲಿ ಒಂದು ಗುಟುಕು, ಇನ್ನೊಬ್ರ ತಲೇಲಿ ಕ್ವಾರ್ಟರ್. "90 ಎಂಎಲ್ ಪ್ಯಾಕೆಟ್ ಒಂದು ಕುಡಿದ್ರೆ" ಅನ್ನಿ. ಅದರಲ್ಲಿ ಆಲ್ಕೋಹಾಲ್ ಗಾತ್ರದ ಲೆಕ್ಕದಲ್ಲಿ 42.8% ಇರೋದ್ರಿಂದ ಅದರಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್. ಹೊತ್ತನ್ನೂ ಹೇಳಿ: ಕುಡಿದ ಅರ್ಧ ಗಂಟೆಗೆ ಏನು, ಮೂರು ಗಂಟೆ ಆದ್ಮೇಲೆ ಏನು. ಏರೋವಾಗ ಹುರುಪು, ಇಳಿಯೋವಾಗ ಮಂಪರು, ಎರಡನ್ನೂ ಒಂದರಲ್ಲೇ ಕೇಳಿದ್ರೆ ಏನೂ ತಿಳಿಯಲ್ಲ.

ಉತ್ತರಕ್ಕೆ ನಾಲ್ಕು ಹಂತ ಸಾಕು. ಓದೋಕೆ ಬರದವ್ರಿಗೆ ನಾನು ಮೂರು ಮೆಕ್ಕೆಜೋಳದ ಕಾಳು ಕೊಡ್ತೀನಿ: ಖಂಡಿತ ಆಗಲ್ಲ ಅಂದ್ರೆ ಬರಿಗೈ, ಖಂಡಿತ ಆಗುತ್ತೆ ಅಂದ್ರೆ ಮೂರೂ. ಆನ್‌ಲೈನ್ ಫಾರ್ಮ್ ಕಳಿಸೋದು ಸುಲಭ, ಆದ್ರೆ ಹಮಾಲರೂ ಮಂಡಕ್ಕಿ ಭಟ್ಟಿಯವ್ರೂ ಅದರಲ್ಲಿ ಸಿಗಲ್ಲ, ಎದುರು ಕೂತೇ ಕೇಳಿ. ಕುಡಿದಿರೋವಾಗ ಬೇಡ.

ಪ್ರತಿಯೊಂದಕ್ಕೂ "ಹಂಗಾದ್ರೆ ಒಳ್ಳೇದೋ ಕೆಟ್ಟದ್ದೋ" ಅಂತ ಬೇರೆಯಾಗಿ ಕೇಳಿ, ಮಂಪರು ಒಬ್ರಿಗೆ ಸುಖ, ಇನ್ನೊಬ್ರಿಗೆ ಭಯ. "ಚಳೀಲಿ ಮೈ ಬೆಚ್ಚಗಾಗ್ತೈತೆ ಅಣ್ಣ" ಅಂದ್ರೆ ಮಧ್ಯದಲ್ಲಿ ತಿದ್ದಬೇಡಿ, ಮುಂದಿನ ಉತ್ತರಗಳು ನಿಮ್ಮನ್ನ ಮೆಚ್ಚಿಸೋಕೆ ಬರ್ತವೆ. ಎಲ್ಲ ಮುಗಿದ್ಮೇಲೆ ಟೀ ಕುಡೀತಾ ಹೇಳಿ, ಚರ್ಮದ ರಕ್ತನಾಳ ಹಿಗ್ಗಿ ಬಿಸಿ ಅನ್ಸುತ್ತೆ, ನಿಜವಾಗಿ ಒಳಗಿನ ಶಾಖ ಹೊರಗೆ ಹೋಗ್ತಿರುತ್ತೆ ಅಂತ.

ಹತ್ತು ಜನರ ಹತ್ರ ಮೊದಲು ಪ್ರಯೋಗ ಮಾಡಿ. ಮೊತ್ತ ಹಾಕೋವಾಗ ನೋವು ಹೋಗೋದು, ತಲೆ ತಿರುಗೋದು ಒಂದೇ ಲೆಕ್ಕಕ್ಕೆ ಸೇರಿಸ್ಬೇಡಿ, ಹಿತವಾದದ್ದಕ್ಕೆ ಒಂದು ಕಾಲಂ, ತೊಂದರೆಗೆ ಇನ್ನೊಂದು.